ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲವೇ? ಕ್ಲಿನಿಕ್ ಆರಿಸುವಲ್ಲಿಂದಲೇ ಶುರು ಮಾಡಿ

ಫೋನ್ ಮಾಡಿದರೆ ಲೈನ್ ಬ್ಯುಸಿ. ಹಾಗೂ ಹೀಗೂ ಸಿಕ್ಕರೆ “ಈ ವಾರ ಫುಲ್ ಆಗಿದೆ, ಸೋಮವಾರ ಮಾಡಿ ನೋಡಿ” ಅಂತಾರೆ. ಸೋಮವಾರ ಬರುವ ಹೊತ್ತಿಗೆ ಒಂದೋ ಕಾಯಿಲೆ ತಾನಾಗಿಯೇ ಇಳಿದಿರುತ್ತದೆ, ಇಲ್ಲವೇ ಜಾಸ್ತಿಯಾಗಿ ರಾತ್ರೋರಾತ್ರಿ ತುರ್ತು ವಿಭಾಗಕ್ಕೆ ಓಡಿರುತ್ತೇವೆ. ಎರಡೂ ಬೇಡದ ಸಂಗತಿಗಳೇ.

ಇದರಲ್ಲಿ ನಮ್ಮ ಕೈಯಲ್ಲಿಲ್ಲದ್ದು ಬಹಳ ಇದೆ, ಒಪ್ಪುತ್ತೇನೆ. ಡಾಕ್ಟರುಗಳು ಸಾಲದು, ರೋಗಿಗಳು ಜಾಸ್ತಿ. ಆದರೆ ನಾವು ಮಾಡಬಹುದಾದದ್ದೂ ಸಾಕಷ್ಟಿದೆ. ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ: ಹುಷಾರಾಗಿರುವಾಗಲೇ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ. ಎಷ್ಟು ಹೆಸರು ಮಾಡಿದ್ದಾರೆ ಅನ್ನುವುದಕ್ಕಿಂತ ಬೇಕಾದಾಗ ಸಿಗುತ್ತಾರಾ ಅನ್ನುವುದನ್ನು ನೋಡಿ. ಮೈ ಸುಡುತ್ತಿರುವಾಗ ಯಾರೂ ಸರಿಯಾಗಿ ಆರಿಸಲಾರರು, ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ಹೋಗುತ್ತೇವೆ ಅಷ್ಟೇ.

1. ಕಾಯಲೇಬಾರದ ತೊಂದರೆಗಳು ಯಾವುವು, ಮೊದಲು ತಿಳಿದುಕೊಳ್ಳಿ

ಇದನ್ನು ಮೊದಲು ಇಡಲು ಕಾರಣವಿದೆ. ಅಪಾಯಿಂಟ್‌ಮೆಂಟಿಗೆ ಕಾದು ಕಾದು ಅಭ್ಯಾಸವಾದವರು ಕಾಯಬಾರದ್ದಕ್ಕೂ ಕಾಯುತ್ತಾರೆ.

ಎದೆ ಹಿಂಡಿದ ಹಾಗಾಗಿ ನೋವು ಕೈಗೋ ದವಡೆಗೋ ಹರಡುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಮುಖದ ಒಂದು ಬದಿ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ, ನಿಲ್ಲದ ರಕ್ತಸ್ರಾವವಾದರೆ, ಪ್ರಜ್ಞೆ ತಪ್ಪಿದರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರಬೇಡಿ. ನೇರವಾಗಿ ಆಂಬುಲೆನ್ಸ್ ಕರೆಯಿರಿ, ತುರ್ತು ವಿಭಾಗಕ್ಕೆ ಹೋಗಿ. ಪಾರ್ಶ್ವವಾಯುವಿನಲ್ಲಿ ಮಿದುಳಿನ ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೇ ಎಷ್ಟು ಗಂಟೆಗೆ ಶುರುವಾಯಿತು ಅಂತ ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಇನ್ನೊಂದು ವಿಷಯ, ಹೃದಯಾಘಾತ ಅಂದರೆ ಎದೆನೋವು ಇರಲೇಬೇಕು ಅಂತೇನಿಲ್ಲ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಬರೀ ಏದುಸಿರು, ಬೆವರು, ವಾಕರಿಕೆ, ವಿಪರೀತ ಸುಸ್ತಿನ ರೂಪದಲ್ಲೂ ಬರುತ್ತದೆ. “ಗ್ಯಾಸ್ ಇರಬೇಕು” ಅಂತ ಬೆಳಗಿನವರೆಗೆ ತಳ್ಳಿಬಿಡುವುದು ಇಂಥವರನ್ನೇ.

3 ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತಡಮಾಡದೆ ತೋರಿಸಿ, ಮಗು ನೋಡಲು ಚೆನ್ನಾಗಿಯೇ ಇದ್ದರೂ ಸರಿ. ಬದುಕು ಸಾಕು ಅನ್ನುವ ಯೋಚನೆ ಯಾರಿಗಾದರೂ ಬರುತ್ತಿದ್ದರೆ ಅದೂ ತುರ್ತೇ. “ಮುಂದಿನ ವಾರ ಡಾಕ್ಟರ್ ಹತ್ರ ಮಾತಾಡೋಣ” ಅನ್ನಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನೆಗಡಿ ಕೆಮ್ಮಿನ ನಾಲ್ಕನೇ ದಿನಕ್ಕೇ ಅಪಾಯಿಂಟ್‌ಮೆಂಟಿಗೆ ಒದ್ದಾಡುವುದು ಬಹಳ ಸಲ ಬೇಕಿರುವುದಿಲ್ಲ. ಸಾಮಾನ್ಯ ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಅಂತ ನಾವು ಅಂದುಕೊಂಡಿರುತ್ತೇವೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಸರಾಸರಿ 18 ದಿನದಷ್ಟು ಇರುತ್ತದೆ ಅಂತ ಗೊತ್ತಾಯಿತು. ಉಸಿರಾಟ ಸಲೀಸಾಗಿದ್ದು, ಜ್ವರ ಇಳಿದಿದ್ದು, ದಿನದಿಂದ ದಿನಕ್ಕೆ ಸ್ವಲ್ಪವಾದರೂ ವಾಸಿ ಅನ್ನಿಸುತ್ತಿದ್ದರೆ ಕಾಯಬಹುದು. ಕಫದಲ್ಲಿ ರಕ್ತ, ಏದುಸಿರು, ತೂಕ ಇಳಿಯುವುದು, ಬಿಡದ ಜ್ವರ, ಇಲ್ಲವೇ 2-3 ವಾರ ದಾಟಿದ ಕೆಮ್ಮು ಆದರೆ ತೋರಿಸಲೇಬೇಕು.

2. ಕ್ಲಿನಿಕ್ ಹುಡುಕುವಾಗ ಏನು ನೋಡಬೇಕು

ಮೊದಲು ಮನೆಯವರ ಅಗತ್ಯ ನೋಡಿ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರಿದ್ದಾರಾ, ಚಿಕ್ಕ ಮಕ್ಕಳಿದ್ದಾರಾ, ಮೆಟ್ಟಿಲು ಹತ್ತಲಾಗದ ಅಜ್ಜಿ ಇದ್ದಾರಾ, ಸಂಜೆ ಆರರ ಮೇಲೆ ಮಾತ್ರ ಬಿಡುವಾಗುವವರಿದ್ದಾರಾ? ಪಕ್ಕದ ಮನೆಯವರಿಗೆ ಒಳ್ಳೆಯದಾದ ಕ್ಲಿನಿಕ್ ನಿಮಗೂ ಹೊಂದಬೇಕು ಅಂತೇನಿಲ್ಲ.

ಆಮೇಲೆ ಎರಡು ಮೂರು ಕಡೆ ಸುಮ್ನೆ ಹೋಗಿ ವಿಚಾರಿಸಿ. ಫೋನಿಗಿಂತ ನೇರ ಹೋಗುವುದು ಒಳ್ಳೆಯದು, ಏಕೆಂದರೆ ಅಲ್ಲಿ ಹತ್ತು ನಿಮಿಷ ಕೂತರೆ ಬಹಳ ಗೊತ್ತಾಗುತ್ತದೆ. ಕೌಂಟರಿನಲ್ಲಿ ಒಬ್ಬ ವಯಸ್ಸಾದವರ ಜೊತೆ ಹೇಗೆ ಮಾತಾಡುತ್ತಾರೆ, ಒಬ್ಬರ ಕಾಯಿಲೆಯನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿ ವಿಚಾರಿಸುತ್ತಾರಾ, ಹತ್ತು ಗಂಟೆಗೆ ಬರಹೇಳಿದವರನ್ನು ಎಷ್ಟು ಗಂಟೆಗೆ ಒಳಗೆ ಕರೆಯುತ್ತಾರೆ, ತಡವಾದರೆ ಬಂದು ಹೇಳುತ್ತಾರಾ ಇಲ್ಲವಾ, ಇದೆಲ್ಲ ಅಲ್ಲೇ ಕಣ್ಣಿಗೆ ಬೀಳುತ್ತದೆ.

ವಿಚಾರಿಸುವಾಗ ಈ ಪ್ರಶ್ನೆಗಳನ್ನು ಬಿಡಬೇಡಿ. ಇವತ್ತು ಹುಷಾರು ತಪ್ಪಿದರೆ ಇವತ್ತೇ ನೋಡುವ ವ್ಯವಸ್ಥೆ ಇದೆಯಾ? ಅವಸರವಿಲ್ಲದ ಭೇಟಿಗೆ ಈಗ ಎಷ್ಟು ದಿನ ಕಾಯಬೇಕು? ಪ್ರತಿ ಸಲ ಅದೇ ಡಾಕ್ಟರ್ ಸಿಗುತ್ತಾರಾ? ಅವರು ರಜೆಯಲ್ಲಿದ್ದಾಗ ಯಾರು ನೋಡುತ್ತಾರೆ, ಅವರಿಗೆ ನನ್ನ ಫೈಲ್ ಕಾಣುತ್ತದಾ? ಟೆಸ್ಟ್ ರಿಪೋರ್ಟ್ ಬಂದರೆ ನೀವೇ ತಿಳಿಸುತ್ತೀರಾ ಅಥವಾ ನಾವೇ ಕೇಳಬೇಕಾ? ಕ್ಲಿನಿಕ್ ಮುಚ್ಚಿದ ಮೇಲೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ಹೇಗೇ ಇರಲಿ, ಸ್ಪಷ್ಟವಾಗಿ ಕೊಡುತ್ತಾರಾ ಅನ್ನುವುದನ್ನು ಗಮನಿಸಿ. “ಬನ್ನಿ, ನೋಡೋಣ” ಅನ್ನುವ ಕಡೆ ಮುಂದೆಯೂ ಹಾಗೇ ಇರುತ್ತದೆ.

ಒಬ್ಬರೇ ಡಾಕ್ಟರ್ ಇರುವ ಸಣ್ಣ ಕ್ಲಿನಿಕ್ ಒಳ್ಳೆಯದೋ, ನಾಲ್ಕೈದು ಜನ ಇರುವ ದೊಡ್ಡದೋ? ಸಣ್ಣದರಲ್ಲಿ ನಿಮ್ಮ ಪರಿಚಯ ಬೇಗ ಆಗುತ್ತದೆ, ಆದರೆ ಅವರು ಊರಲ್ಲಿಲ್ಲದಿದ್ದರೆ ಬಾಗಿಲು ಹಾಕಿರುತ್ತದೆ. ದೊಡ್ಡದರಲ್ಲಿ ಯಾರಾದರೊಬ್ಬರು ಸಿಗುತ್ತಾರೆ, ಆದರೆ ಪ್ರತಿ ಸಲ ಹೊಸಬರ ಮುಂದೆ ಮೊದಲಿಂದ ಕಥೆ ಹೇಳಬೇಕಾಗಬಹುದು. ದೀರ್ಘಕಾಲದ ಕಾಯಿಲೆ ಇರುವವರು ಗುರುತಿನ ಡಾಕ್ಟರನ್ನೇ ಹಿಡಿಯಿರಿ, ಅದಕ್ಕಾಗಿ ಒಂದೆರಡು ದಿನ ಕಾಯಬೇಕಾದರೂ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಇದಕ್ಕೆ ಆಧಾರವೂ ಇದೆ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ನೋಡಿ ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಬ್ಬರೇ ಫ್ಯಾಮಿಲಿ ಡಾಕ್ಟರ್ ಹತ್ತಿರ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರನ್ನು, ಒಂದೇ ವರ್ಷ ಆದವರ ಜೊತೆ ಹೋಲಿಸಿದರು. ಹಳಬರು ತುರ್ತಾಗಿ ಆಸ್ಪತ್ರೆಗೆ ಸೇರುವ ಸಂಭವ ಸುಮಾರು 28% ಕಡಿಮೆ, ಸಾವಿನ ಸಂಭವ 25% ಕಡಿಮೆ ಇತ್ತು. ಡಾಕ್ಟರ್ ಹಳಬರಾಗಿದ್ದೇ ಇದಕ್ಕೆಲ್ಲ ಕಾರಣ ಅಂತ ಇಂಥ ಒಂದು ಅಧ್ಯಯನದಿಂದ ಹೇಳಲಾಗುವುದಿಲ್ಲ. ಆದರೂ ನಿಮ್ಮನ್ನು ವರ್ಷಗಟ್ಟಲೆ ನೋಡಿದವರಿಗೆ “ಇವರು ಸುಮ್ಸುಮ್ನೆ ಬರುವವರಲ್ಲ, ಇವತ್ತು ಮುಖ ಬೇರೆ ಥರ ಇದೆ” ಅಂತ ಗೊತ್ತಾಗುತ್ತದೆ. ಅದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಆನ್‌ಲೈನ್ ರಿವ್ಯೂಗಳನ್ನು ಓದಿ, ಆದರೆ ಸ್ಟಾರ್ ಎಣಿಸಬೇಡಿ. ತುಂಬಾ ಖುಷಿಯಾದವರು ಮತ್ತು ತುಂಬಾ ಸಿಟ್ಟಾದವರು ಬರೆಯುವುದೇ ಜಾಸ್ತಿ. ಒಂದೇ ದೂರು ಬೇರೆ ಬೇರೆಯವರಿಂದ, ಬೇರೆ ಬೇರೆ ತಿಂಗಳಲ್ಲಿ ಬಂದಿದೆಯಾ ನೋಡಿ. “ಫೋನ್ ಎತ್ತಲ್ಲ” ಅಂತ ಹತ್ತು ಜನ ಬರೆದಿದ್ದರೆ ಅದು ನಿಜ ಇರುತ್ತದೆ. “ನೆಗಡಿಗೆ ಆ್ಯಂಟಿಬಯೋಟಿಕ್ ಕೊಡಲಿಲ್ಲ” ಅನ್ನುವ ದೂರು ಕಂಡರೆ ಮಾತ್ರ ಅದನ್ನು ಆ ಡಾಕ್ಟರ್ ಪರವಾಗಿ ಲೆಕ್ಕ ಹಾಕಿ. ವೈರಸ್ಸಿನಿಂದ ಬರುವ ನೆಗಡಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಔಷಧಗಳಿಗೆ ಬಗ್ಗದ ರೋಗಾಣುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಜಗತ್ತಿನ ಆರೋಗ್ಯಕ್ಕಿರುವ ಹತ್ತು ದೊಡ್ಡ ಬೆದರಿಕೆಗಳ ಪಟ್ಟಿಯಲ್ಲಿ ಸೇರಿಸಿತ್ತು.

ಡಾಕ್ಟರ್ ನೋಂದಣಿ ಆಗಿದ್ದಾರಾ ಅಂತ ಪರೀಕ್ಷಿಸುವುದು ಸುಲಭ. ಬಹಳಷ್ಟು ದೇಶಗಳಲ್ಲಿ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಎರಡು ನಿಮಿಷದ ಕೆಲಸ, ಮಾಡಿಬಿಡಿ.

3. ಸಣ್ಣ ಕಾರಣಕ್ಕೆ ಒಂದು ಸಲ ಹೋಗಿ ಬನ್ನಿ

ಆರಿಸಿದ ಮೇಲೆ ಹೆಸರು ನೋಂದಾಯಿಸಿ ಸುಮ್ಮನೆ ಕೂರಬೇಡಿ. ಬಿಪಿ ಚೆಕ್ ಮಾಡಿಸಲಿಕ್ಕೋ, ಲಸಿಕೆ ವಿಚಾರಿಸಲಿಕ್ಕೋ, ಹಳೇ ರಿಪೋರ್ಟ್ ತೋರಿಸಲಿಕ್ಕೋ ಒಮ್ಮೆ ಹೋಗಿ. ಫೈಲ್ ತೆರೆದಂತೆ ಆಗುತ್ತದೆ. ಮುಂದೆ ಅವಸರದಲ್ಲಿ ಫೋನ್ ಮಾಡಿದಾಗ ಹೆಸರು, ವಯಸ್ಸು, ವಿಳಾಸ, ಅಲರ್ಜಿ ಅಂತ ಮೊದಲಿಂದ ಹೇಳುವುದು ತಪ್ಪುತ್ತದೆ. ಹೊಸಬರನ್ನು ತೆಗೆದುಕೊಳ್ಳದ ಕಡೆ ಕೂಡ ತಮ್ಮ ಹಳೇ ರೋಗಿಗೆ ಹೇಗಾದರೂ ಜಾಗ ಮಾಡಿಕೊಡುತ್ತಾರೆ.

ಆ ಭೇಟಿಯಲ್ಲಿ ಡಾಕ್ಟರ್ ನಿಮ್ಮ ಮಾತು ಪೂರ್ತಿ ಕೇಳಿದರಾ? ಮುಟ್ಟಿ ಪರೀಕ್ಷೆ ಮಾಡಿದರಾ? “ಇದು ಯಾಕೆ?” ಅಂತ ಕೇಳಿದರೆ ಬೇಸರಪಟ್ಟರಾ? ಗೊತ್ತಿಲ್ಲದ್ದನ್ನು “ಇದನ್ನು ಬೇರೆಯವರ ಹತ್ತಿರ ತೋರಿಸುವುದು ಒಳ್ಳೆಯದು” ಅನ್ನುವವರು ನನಗೆ ಎಲ್ಲಕ್ಕೂ ಮಾತ್ರೆ ಬರೆಯುವವರಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತಾರೆ.

4. ಫೋನಿನಲ್ಲಿ ಏನು ಹೇಳಬೇಕು

ಇಲ್ಲಿಯೇ ಹೆಚ್ಚಿನವರಿಗೆ ಅಪಾಯಿಂಟ್‌ಮೆಂಟ್ ತಪ್ಪುವುದು. ಬಹಳ ಕ್ಲಿನಿಕ್‌ಗಳಲ್ಲಿ ಆ ದಿನದ ಅವಸರದ ಕೇಸುಗಳಿಗೆ ಅಂತ ಕೆಲವು ಜಾಗ ತೆಗೆದಿಟ್ಟಿರುತ್ತಾರೆ. ಅದನ್ನು ಯಾರಿಗೆ ಕೊಡಬೇಕು ಅನ್ನುವುದು ರಿಸೆಪ್ಷನ್‌ನಲ್ಲಿ ಇರುವವರ ಕಿವಿಗೆ ಬಿದ್ದ ಒಂದೆರಡು ವಾಕ್ಯದ ಮೇಲೆ ನಿಂತಿರುತ್ತದೆ.

“ಸ್ವಲ್ಪ ಹುಷಾರಿಲ್ಲ, ಒಂದು ಅಪಾಯಿಂಟ್‌ಮೆಂಟ್ ಬೇಕಿತ್ತು” ಅಂದರೆ ಅವರು ಮುಂದಿನ ವಾರಕ್ಕೆ ಬರೆಯುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅದೇ ಮಾತನ್ನು ಹೀಗೆ ಹೇಳಿ ನೋಡಿ:

“ನಮಸ್ಕಾರ ಮೇಡಂ, ನಮ್ಮ ಅಮ್ಮನ ಬಗ್ಗೆ ಮಾತಾಡಬೇಕಿತ್ತು. 68 ವರ್ಷ, ಶುಗರ್ ಇದೆ, ನಿಮ್ಮಲ್ಲೇ ತೋರಿಸುವುದು. ಮೂರು ದಿನದಿಂದ ಕಾಲಿನಲ್ಲಿ ಗಾಯ ಆಗಿದೆ, ನಿನ್ನೆಯಿಂದ ಸುತ್ತ ಕೆಂಪಾಗಿ ಊದಿಕೊಂಡಿದೆ, ರಾತ್ರಿ ಚಳಿ ಬಂದಿತ್ತು. ಇವತ್ತೇ ಯಾರಾದರೂ ನೋಡಬೇಕಲ್ಲ, ಏನು ಮಾಡಬಹುದು?”

ವಯಸ್ಸು, ಮುಂಚಿನ ಕಾಯಿಲೆ, ಯಾವಾಗಿನಿಂದ, ಈಗ ಏನು ಬದಲಾಗಿದೆ, ಏನು ಬೇಕು, ಎಲ್ಲ ಅರ್ಧ ನಿಮಿಷದಲ್ಲಿ ಬಂತು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಅದರ ಜೊತೆ ಚಳಿ ಅಂದರೆ ಕೇಳಿಸಿಕೊಂಡವರು ಸುಮ್ಮನೆ ಕೂರಲಾರರು, ಡಾಕ್ಟರನ್ನು ಒಂದು ಮಾತು ಕೇಳುತ್ತಾರೆ. ಇಲ್ಲದ್ದನ್ನು ಸೇರಿಸಿ ದೊಡ್ಡದು ಮಾಡಬೇಡಿ. ಹಾಗೆಯೇ ಸಂಕೋಚಕ್ಕೆ ಇರುವುದನ್ನು ಚಿಕ್ಕದೂ ಮಾಡಬೇಡಿ, ನಮ್ಮ ಹಿರಿಯರು ಇದನ್ನೇ ಮಾಡುತ್ತಾರೆ. ಕೌಂಟರಿನವರ ಹತ್ತಿರ ಹೇಳಲಾಗದ ವಿಷಯವಾದರೆ “ಸ್ವಲ್ಪ ಖಾಸಗಿ ವಿಷಯ, ಆದರೆ ಕಾಯುವಂಥದ್ದಲ್ಲ. ನರ್ಸ್ ಅಥವಾ ಡಾಕ್ಟರ್ ಒಂದು ನಿಮಿಷ ಮಾತಾಡಬಹುದಾ?” ಅಂತ ಕೇಳಿ.

ಸಮಯದ ಬಗ್ಗೆ ಹೇಳುವುದಾದರೆ, ಸೋಮವಾರ ಬೆಳಿಗ್ಗೆ ಮತ್ತು ರಜೆಯ ಮರುದಿನ ಎಲ್ಲ ಕಡೆಯೂ ರಶ್. ಇವತ್ತೇ ಬೇಕಿದ್ದರೆ ಬಾಗಿಲು ತೆರೆದ ಕ್ಷಣಕ್ಕೆ ಫೋನ್ ಮಾಡಿ. ಅವಸರವಿಲ್ಲದ್ದಾದರೆ ವಾರದ ಮಧ್ಯೆ, ಮಧ್ಯಾಹ್ನದ ಹೊತ್ತಿಗೆ ಮಾಡಿ, ಅವರಿಗೂ ಕೇಳಿಸಿಕೊಳ್ಳುವ ಪುರುಸೊತ್ತು ಇರುತ್ತದೆ. ಆ್ಯಪ್ ಇದ್ದರೆ ಹಿಂದಿನ ರಾತ್ರಿಯೇ ನೋಡಿ. ಹೊಸ ದಿನದ ಸ್ಲಾಟ್‌ಗಳು ಯಾವ ಹೊತ್ತಿಗೆ ತೆರೆಯುತ್ತವೆ ಅಂತ ಕೇಳಿಟ್ಟುಕೊಂಡರೆ ದಿನವಿಡೀ ಫೋನ್ ನೋಡುತ್ತಾ ಕೂರುವುದು ತಪ್ಪುತ್ತದೆ.

5. “ಸ್ಲಾಟ್ ಇಲ್ಲ” ಅಂದ ಮೇಲೆ

ಫೋನ್ ಇಡಬೇಡಿ. ಯಾರಾದರೂ ಕ್ಯಾನ್ಸಲ್ ಮಾಡಿದರೆ ನನ್ನನ್ನು ಕರೆಯುತ್ತೀರಾ, ಎಷ್ಟು ಹೊತ್ತಿನಲ್ಲಿ ಬರಬೇಕು ಅಂತ ಕೇಳಿ. ಬೇರೆ ಡಾಕ್ಟರ್ ಆದರೂ ಪರವಾಗಿಲ್ಲ ಅನ್ನುವುದಾದರೆ ನೀವೇ ಬಾಯಿಬಿಟ್ಟು ಹೇಳಿ. ಗಾಯದ ಡ್ರೆಸ್ಸಿಂಗ್, ಇಂಜೆಕ್ಷನ್, ಬಿಪಿ ನೋಡುವುದು ಇದಕ್ಕೆಲ್ಲ ನರ್ಸ್ ಸಾಕು. ಮಾತ್ರೆಗಳ ಬಗ್ಗೆ ಸಂದೇಹವಿದ್ದರೆ ಫಾರ್ಮಸಿಸ್ಟ್ ಚೆನ್ನಾಗಿ ಹೇಳುತ್ತಾರೆ, ಅವರು ಓದಿರುವುದೇ ಅದನ್ನು.

ಫೋನ್ ಅಥವಾ ವಿಡಿಯೋದಲ್ಲಿ ಮಾತಾಡುವುದು ರಿಪೋರ್ಟ್ ಚರ್ಚೆಗೆ, ಔಷಧದ ಡೋಸ್ ಬದಲಿಸಲು, ಫಾಲೋಅಪ್‌ಗೆ ಚೆನ್ನಾಗಿ ಆಗುತ್ತದೆ. ಹೊಟ್ಟೆನೋವು, ಹೊಸದಾಗಿ ಕಂಡ ಗಂಟು, ಕಿವಿನೋವು, ಏದುಸಿರು ಇಂಥದ್ದಕ್ಕೆ ಆಗುವುದಿಲ್ಲ, ಮುಟ್ಟಿ ನೋಡಲೇಬೇಕು. “ಸದ್ಯಕ್ಕೆ ವಿಡಿಯೋ ಸಾಕು” ಅಂದರೂ ಒಪ್ಪಬೇಡಿ.

ಮತ್ತೆ ಇನ್ನೊಂದು ಪ್ರಶ್ನೆ, ಇದು ತುಂಬಾ ಮುಖ್ಯ: “ಸರಿ, ಗುರುವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಏನಾದರೆ ನಾನು ಕಾಯಬಾರದು?” ಇದನ್ನು ಕೇಳಿದಾಗ ಎಷ್ಟೋ ಸಲ ಅವರೇ ಯೋಚನೆ ಮಾಡಿ ನರ್ಸ್ ಕೈಗೆ ಫೋನ್ ಕೊಡುತ್ತಾರೆ.

ಒಂದು ಕ್ಲಿನಿಕ್ಕಿನಲ್ಲಿ ಯಾವಾಗ ಕೇಳಿದರೂ ಎರಡು ವಾರ, ಎರಡು ವಾರ ಅಂತಲೇ ಇದ್ದರೆ ಅದರ ಹಿಂದೆ ಒಂದು ಲೆಕ್ಕ ಇದೆ. ಕಾಯುವ ದಿನಗಳು ವರ್ಷವಿಡೀ ಅಷ್ಟೇ ಇವೆ ಅಂದರೆ ಅವರು ಬರುವಷ್ಟು ಜನರನ್ನು ನೋಡುತ್ತಿದ್ದಾರೆ ಅಂತಾಯಿತು, ಇಲ್ಲದಿದ್ದರೆ ಸಾಲು ಬೆಳೆಯುತ್ತಾ ಹೋಗಬೇಕಿತ್ತಲ್ವಾ? ಹಳೇ ಬಾಕಿ ಮಾತ್ರ ಹಾಗೇ ಉಳಿದಿರುತ್ತದೆ. ಅಮೆರಿಕದಲ್ಲಿ ಮಾರ್ಕ್ ಮರ್ರೆ ಮತ್ತು ಕ್ಯಾಥರೀನ್ ಟ್ಯಾಂಟೌ ಎಂಬಿಬ್ಬರು 1990ರ ದಶಕದಲ್ಲಿ ಇದನ್ನೇ ಗಮನಿಸಿ, ಬಾಕಿಯನ್ನು ಒಂದು ಸಲ ಶ್ರಮಪಟ್ಟು ತೀರಿಸಿ ಅಲ್ಲಿಂದಾಚೆ ಇವತ್ತಿನ ಕೆಲಸ ಇವತ್ತೇ ಮುಗಿಸುವ ಪದ್ಧತಿಯನ್ನು ಬೆಳೆಸಿದರು. ರೋಗಿಗಳ ಸಮಿತಿಯೋ ಸಲಹಾ ಪೆಟ್ಟಿಗೆಯೋ ಇದ್ದರೆ ಈ ವಿಚಾರ ಎತ್ತಿ. ಸಿಟ್ಟಿನಲ್ಲಿ ಕೌಂಟರಿನ ಹುಡುಗಿಯನ್ನು ಬೈಯುವುದರಿಂದ ಏನೂ ಬದಲಾಗುವುದಿಲ್ಲ, ವೇಳಾಪಟ್ಟಿ ಅವಳ ಕೈಯಲ್ಲಿಲ್ಲ.

6. ಸಿಕ್ಕ ಐದು ಹತ್ತು ನಿಮಿಷವನ್ನು ಹೇಗೆ ಬಳಸುವುದು

67 ದೇಶಗಳ ಅಂಕಿಅಂಶ ಸೇರಿಸಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಡಾಕ್ಟರ್ ಒಬ್ಬ ರೋಗಿಗೆ ಕೊಡುವ ಸಮಯ ಬಾಂಗ್ಲಾದೇಶದಲ್ಲಿ ಸರಾಸರಿ 48 ಸೆಕೆಂಡ್, ಸ್ವೀಡನ್‌ನಲ್ಲಿ 22.5 ನಿಮಿಷ. ಜಗತ್ತಿನ ಅರ್ಧದಷ್ಟು ಜನ ಇರುವ ದೇಶಗಳಲ್ಲಿ ಅದು 5 ನಿಮಿಷ ಅಥವಾ ಅದಕ್ಕಿಂತ ಕಡಿಮೆ. ಅಷ್ಟರಲ್ಲೇ ನಮ್ಮ ಕೆಲಸ ಆಗಬೇಕು.

1984ರ ಹೆಸರಾಂತ ಅಮೆರಿಕನ್ ಅಧ್ಯಯನವೊಂದರಲ್ಲಿ ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೇ ಡಾಕ್ಟರ್ ಮಧ್ಯೆ ಬಾಯಿ ಹಾಕುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ 2002ರಲ್ಲಿ ಇದನ್ನು ತಿರುಗಿಸಿ ನೋಡಿದರು. ಡಾಕ್ಟರುಗಳಿಗೆ ಸುಮ್ಮನೆ ಕೇಳಿಸಿಕೊಳ್ಳಲು ಹೇಳಿದಾಗ ರೋಗಿಗಳು ತಾವಾಗಿಯೇ ಸರಾಸರಿ 92 ಸೆಕೆಂಡಿಗೆ ಮಾತು ಮುಗಿಸಿದರು. ಅಂದರೆ ಒಂದೂವರೆ ನಿಮಿಷ ಸಾಕು. ಆ ಒಂದೂವರೆ ನಿಮಿಷವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿ.

ಒಂದು ಚೀಟಿ ಬರೆಯಿರಿ. ಮೇಲೆ ದೊಡ್ಡದಾಗಿ ಮುಖ್ಯ ತೊಂದರೆ. ಯಾವಾಗಿನಿಂದ, ಯಾವಾಗ ಜಾಸ್ತಿ, ಯಾವುದರಿಂದ ಕಡಿಮೆ. ಕೆಳಗೆ ತಗೊಳ್ಳುತ್ತಿರುವ ಎಲ್ಲ ಮಾತ್ರೆ, ಆಯುರ್ವೇದದ್ದೂ ಸೇರಿಸಿ, ಹೆಸರು ಗೊತ್ತಿಲ್ಲದಿದ್ದರೆ ಸ್ಟ್ರಿಪ್ಪನ್ನೇ ತಗೊಂಡು ಹೋಗಿ. ಕೊನೆಗೆ ನಿಮಗಿರುವ ಭಯ. “ನನ್ನ ಅಪ್ಪನಿಗೆ ಹೀಗೇ ಶುರುವಾಗಿತ್ತು, ಅದಕ್ಕೇ ಹೆದರಿಕೆ” ಅನ್ನುವ ಮಾತನ್ನು ಜನ ಬಾಗಿಲ ಹತ್ತಿರ ಎದ್ದು ಹೋಗುವಾಗ ಹೇಳುತ್ತಾರೆ, ಅದನ್ನು ಮೊದಲೇ ಹೇಳಿ. ನಾಲ್ಕು ತೊಂದರೆ ಇದ್ದರೆ ಕೂತ ತಕ್ಷಣ “ನಾಲ್ಕು ವಿಷಯ ಇದೆ, ಇದು ಮುಖ್ಯ, ಉಳಿದದ್ದಕ್ಕೆ ಮತ್ತೆ ಬರಲಾ?” ಅಂತ ಕೇಳಿಬಿಡಿ. ಯಾವುದು ಗಂಭೀರ ಅನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಬಿಪಿ ವಿಷಯವಾದರೆ ಮನೆಯಲ್ಲಿ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ ಬರೆದುಕೊಂಡು ಹೋಗಿ. ನೋಡುವ ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಿ, ಮಾತಾಡಬೇಡಿ. ಕ್ಲಿನಿಕ್ಕಿನಲ್ಲಿ ಗಾಬರಿಯಿಂದ ಏರಿದ ಒಂದು ನಂಬರಿಗಿಂತ ಈ ಹಾಳೆಗೆ ಬೆಲೆ ಜಾಸ್ತಿ.

ಹೇಳಿದ್ದೆಲ್ಲ ನೆನಪಿರುತ್ತದೆ ಅಂತ ನಂಬಬೇಡಿ. ಡಾಕ್ಟರ್ ಹೇಳಿದ್ದರಲ್ಲಿ 40ರಿಂದ 80% ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಅಂತ ಸಂಶೋಧನೆಗಳು ಹೇಳುತ್ತವೆ. ಎದ್ದು ಬರುವ ಮುಂಚೆ ನಿಮ್ಮ ಮಾತಿನಲ್ಲಿ ಒಮ್ಮೆ ಒಪ್ಪಿಸಿ: “ಅಂದರೆ ಇದು ರಾತ್ರಿ ಒಂದು, ಐದು ದಿನ. ಜ್ವರ ಬಂದರೆ ಮಾತ್ರ ಇದು. ವಾಸಿಯಾಗದಿದ್ದರೆ ಶುಕ್ರವಾರ ಬರಬೇಕು. ಸರಿನಾ?” ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಸಾಧ್ಯವಾದರೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

7. ಮತ್ತೆ ಮತ್ತೆ ಅಲೆಯದ ಹಾಗೆ

ಮುಂದಿನ ಫಾಲೋಅಪ್ ಅನ್ನು ಅವತ್ತೇ, ಕೌಂಟರಿನಲ್ಲೇ ಬುಕ್ ಮಾಡಿ. ದಿನಾ ತಗೊಳ್ಳುವ ಮಾತ್ರೆ ಮುಗಿಯಲು ಎರಡು ವಾರ ಇರುವಾಗಲೇ ಚೀಟಿಗೆ ಕೇಳಿ. ಕೊನೆಯ ಸ್ಟ್ರಿಪ್ಪಿನ ಕೊನೆಯ ಎರಡು ಮಾತ್ರೆ ಇರುವಾಗ ಓಡಾಡಿದರೆ ಬಿಪಿ ಅಲ್ಲೇ ಏರುತ್ತದೆ.

ರಕ್ತ ಪರೀಕ್ಷೆ ಬೇಕಾಗುತ್ತದೆ ಅಂತ ಗೊತ್ತಿದ್ದರೆ ಭೇಟಿಗೆ ಮುಂಚೆಯೇ ಮಾಡಿಸಬಹುದಾ, ಖಾಲಿ ಹೊಟ್ಟೆಯಲ್ಲಿ ಬರಬೇಕಾ ಅಂತ ಫೋನಿನಲ್ಲೇ ಕೇಳಿ. ಎಚ್‌ಬಿಎ1ಸಿ ಟೆಸ್ಟಿಗೆ ಉಪವಾಸ ಬೇಕಿಲ್ಲ, ಅದು ಸುಮಾರು 2-3 ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ರಿಪೋರ್ಟ್ ಕೈಯಲ್ಲಿ ಹಿಡಿದು ಹೋದರೆ ಎರಡು ಭೇಟಿಯ ಕೆಲಸ ಒಂದರಲ್ಲೇ ಆಗುತ್ತದೆ. ಆದರೆ “ರಿಪೋರ್ಟ್ ಬಗ್ಗೆ ಫೋನ್ ಬರಲಿಲ್ಲ, ಅಂದರೆ ಎಲ್ಲಾ ಸರಿ ಇದೆ” ಅಂತ ಮಾತ್ರ ಅಂದುಕೊಳ್ಳಬೇಡಿ. ಕಾಗದ ಎಲ್ಲೋ ಸಿಕ್ಕಿಹಾಕಿಕೊಂಡಿರಬಹುದು. ಯಾವ ದಿನ ಬರುತ್ತದೆ ಅಂತ ಕೇಳಿ, ಅವತ್ತು ನೀವೇ ಫೋನ್ ಮಾಡಿ.

ಹೋಗಲಾಗದಿದ್ದರೆ ಕ್ಯಾನ್ಸಲ್ ಮಾಡಿ. ಒಂದು ಮೆಸೇಜು ಸಾಕು. ಬೆಳಿಗ್ಗೆಯಿಂದ ಫೋನ್ ಹಿಡಿದು ಕೂತ ಇನ್ಯಾರಿಗೋ ಆ ಜಾಗ ಸಿಗುತ್ತದೆ.

8. ಕ್ಲಿನಿಕ್ ಬದಲಾಯಿಸುವುದು ಯಾವಾಗ

ಒಂದು ದಿನ ತಡವಾಯಿತು, ಒಂದು ಸಲ ಗಡಿಬಿಡಿಯಲ್ಲಿ ನೋಡಿದರು ಅಂತ ಬಿಡಬೇಡಿ, ಹಳೇ ಗುರುತು ದೊಡ್ಡದು. ನಿಜಕ್ಕೂ ಅವಸರ ಇದ್ದಾಗಲೆಲ್ಲ ಸಿಗದಿದ್ದರೆ, ಅಪಾಯದ ರಿಪೋರ್ಟ್ ಬಂದರೂ ಯಾರೂ ತಿಳಿಸದಿದ್ದರೆ, ಕೇಳಿದ ಪ್ರಶ್ನೆಗೆ ಗದರಿಸಿದರೆ, ನಿಮ್ಮ ವಿಷಯ ಇನ್ನೊಬ್ಬರಿಗೆ ಹೇಳಿದರೆ ಬಿಟ್ಟುಬಿಡಿ. ಮೊದಲು ಒಂದು ಸಲ ಬರವಣಿಗೆಯಲ್ಲಿ ದೂರು ಕೊಡಿ: ಯಾವ ದಿನ, ಏನಾಯಿತು, ನಿಮಗೇನು ಬೇಕು, ಅಷ್ಟೇ. ಕೆಲವೊಮ್ಮೆ ಸರಿ ಮಾಡುತ್ತಾರೆ.

ಬದಲಾಯಿಸುವುದು ಖಚಿತವಾದರೆ ಹೊಸ ಕಡೆ ಹೆಸರು ನೋಂದಾಯಿಸಿದ ಮೇಲೆಯೇ ಹಳೆಯದನ್ನು ಬಿಡಿ, ಮಧ್ಯೆ ಡಾಕ್ಟರಿಲ್ಲದ ದಿನಗಳು ಬೇಡ. ಹಳೇ ಫೈಲಿನ ನಕಲು ಕೇಳಿ ತಗೊಳ್ಳಿ. ಕಾಯಿಲೆಗಳ ಪಟ್ಟಿ, ಈಗಿನ ಮಾತ್ರೆ ಮತ್ತು ಡೋಸ್, ಅಲರ್ಜಿ, ಆದ ಆಪರೇಷನ್‌ಗಳು, ಮಕ್ಕಳಾದರೆ ಲಸಿಕೆ ಕಾರ್ಡ್, ಈಚಿನ ರಿಪೋರ್ಟುಗಳು, ಇಷ್ಟು ಸಿಕ್ಕರೆ ಸಾಕು. ಎಲ್ಲದರ ಫೋಟೋ ತೆಗೆದು ಮೊಬೈಲಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ, ಮನೆಯಲ್ಲಿ ಇನ್ನೊಬ್ಬರ ಮೊಬೈಲಿಗೂ ಕಳಿಸಿ. ಮಾತ್ರೆಗಳು ಕನಿಷ್ಠ ಒಂದು ತಿಂಗಳಿಗಾಗುವಷ್ಟು ಕೈಯಲ್ಲಿರಲಿ, ಹೊಸ ಡಾಕ್ಟರ್ ಮೊದಲ ಭೇಟಿಗೆ ಜಾಗ ಕೊಡುವವರೆಗೆ ಅದು ಬೇಕಾಗುತ್ತದೆ.